ತಂಡ ಯಾರದ್ದು? ನ್ಯೂಕಾಸಲ್ ಊರಿನ ಹದಿನಾಲ್ಕು ವರ್ಷದ ಜಗಳ

ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ರಸ್ತೆಬದಿ ಹೇಗಿರ್ತದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಒಂದು ಕಡೆ ಅರ್ಜೆಂಟೀನಾದ ನೀಲಿ ಬಿಳಿ, ಇನ್ನೊಂದು ಕಡೆ ಬ್ರೆಜಿಲಿನ ಹಳದಿ, ನಡುವೆ ಅಂಗಡಿಯ ಮಾಡಿಗಿಂತ ಎತ್ತರದ ಕಟೌಟುಗಳು. ಒಂದು ತಿಂಗಳು ಗೌಜಿಯೋ ಗೌಜಿ. ಆಟ ಮುಗಿದ ಮೇಲೆ ಆ ಫ್ಲೆಕ್ಸುಗಳೆಲ್ಲ ಯಾರದ್ದೋ ಸೌದೆ ರಾಶಿಗೆ ಹೊದಿಕೆ ಆಗ್ತವೆ. ನಾವು ಮೆಚ್ಚಿದ ದೇಶ ಸೋತರೆ ಎರಡು ದಿನ ಬೇಸರ, ಮತ್ತೆ ಮರೆತುಹೋಗ್ತದೆ. ಆದರೆ ವರ್ಷಪೂರ್ತಿ, ವಾರ ವಾರ, ಅಜ್ಜನಿಂದ ಮೊಮ್ಮಗನವರೆಗೆ ಒಂದೇ ತಂಡಕ್ಕೆ ಅಂಟಿಕೊಂಡವರ ಕಥೆ ಬೇರೆ. ತಂಡದ ಮಾಲಕನ ಮೇಲೆ, ಮ್ಯಾನೇಜರನ ಮೇಲೆ ಅವರಿಗೆ ಬರುವ ಸಿಟ್ಟು ಎರಡು ದಿನದ್ದಲ್ಲ. ಅಂಥ ಒಂದು ಸಿಟ್ಟಿನ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕಾಸಲ್. ತಂಡ ನ್ಯೂಕಾಸಲ್ ಯುನೈಟೆಡ್. ಕಾಲ 2007ರಿಂದ 2021.

ಇಂಗ್ಲೆಂಡಿನ ತಂಡದ ಸಂಗತಿ ನಮ್ಮ ವಾಚನಾಲಯದ ಪುಸ್ತಕಕ್ಕೆ ಎಂತಕ್ಕೆ ಎಂದು ಹಿರಿಯರು ಕೇಳಬಹುದು. ಕಾರಣ ಉಂಟು. ನಮ್ಮ ಹುಡುಗರು ನಡುರಾತ್ರಿವರೆಗೆ ಮೊಬೈಲಿನಲ್ಲಿ ಈ ಆಟಗಳನ್ನು ನೋಡ್ತಾರೆ. ಮರುದಿನ ಪೇಪರು ಓದಲು ಬಂದಾಗ ಅದರದ್ದೇ ಚರ್ಚೆ. "ಮಾಲಕನೇ ಸರಿ ಇಲ್ಲ ಮಾಷ್ಟ್ರೇ" ಎಂದು ಅವರು ಹೇಳುವುದನ್ನು ಕೇಳಿ ಕೇಳಿ, ಈ ಮಾಲಕ ಅಂದರೆ ಯಾರು, ಒಂದು ಊರಿನ ತಂಡಕ್ಕೆ ಮಾಲಕ ಹೇಗೆ ಬಂದ ಎಂದು ನಾನು ಓದಲು ಸುರುಮಾಡಿದೆ. ಓದುತ್ತಾ ಹೋದಂತೆ ಇದು ಆಟಕ್ಕಿಂತ ದೊಡ್ಡ ಸಂಗತಿ ಎಂದು ಕಂಡಿತು.

ಯಕ್ಷಗಾನ ನೋಡಿದವರಿಗೆ ವಿಷಯ ಬೇಗ ತಲೆಗೆ ಹೋಗ್ತದೆ. ಮೇಳದ ಹೆಸರು ಕ್ಷೇತ್ರದ್ದು ಅಥವಾ ಊರಿನದ್ದು. ನಡೆಸುವವರು ಯಜಮಾನರು. ರಂಗಸ್ಥಳದಲ್ಲಿ ಆಟವನ್ನು ನಡೆಸುವವರು ಭಾಗವತರು. ವೇಷ ಮಾಡುವವರು ಕಲಾವಿದರು. ಚಾಪೆ ಹಾಸಿ ಬೆಳಗಿನವರೆಗೆ ಕೂತು ನೋಡುವವರು ನಾವು. ಫುಟ್ಬಾಲ್ ತಂಡವೂ ಹೀಗೆಯೇ. ಕಾಗದಪತ್ರದಲ್ಲಿ ಮಾಲಕ, ಆಟಗಾರರನ್ನು ಆರಿಸಿ ಆಡಿಸುವವ ಮ್ಯಾನೇಜರ್, ಆಡುವವರು ಸಂಬಳದ ಆಟಗಾರರು. ಇವರೆಲ್ಲ ಬರ್ತಾರೆ, ಹೋಗ್ತಾರೆ. ಹೋಗದೆ ಉಳಿಯುವವರು ನೋಡುವವರು ಮಾತ್ರ.

ಕಲ್ಲಿದ್ದಲಿನ ಊರು

ನ್ಯೂಕಾಸಲ್ ಇರುವುದು ಟೈನ್ ಎಂಬ ಹೊಳೆಯ ದಡದಲ್ಲಿ. ನೂರಾರು ವರ್ಷ ಅಲ್ಲಿಂದ ಲಂಡನ್ನಿಗೆ ಹಡಗಿನಲ್ಲಿ ಕಲ್ಲಿದ್ದಲು ಹೋಗುತ್ತಿತ್ತು. ಬೇಡದ ಕೆಲಸ ಮಾಡುವವನನ್ನು ಕಂಡರೆ ಇಂಗ್ಲಿಷಿನವರು "ನ್ಯೂಕಾಸಲಿಗೆ ಕಲ್ಲಿದ್ದಲು ಹೊತ್ತ ಹಾಗೆ" ಎಂದು ಗಾದೆ ಹೇಳುವುದು ಇದೇ ಊರನ್ನು ಹಿಡಿದು. ಶಾಲೆಯಲ್ಲಿ ರೈಲಿನ ಪಾಠ ಮಾಡುವಾಗ ಬರುವ ಸ್ಟೀಫನ್‌ಸನ್ನರ 'ರಾಕೆಟ್' ಎಂಬ ಉಗಿಬಂಡಿ 1829ರಲ್ಲಿ ತಯಾರಾದದ್ದು ಈ ಊರಿನ ಕಾರ್ಖಾನೆಯಲ್ಲಿ. ಹೊಳೆಯ ದಡದುದ್ದಕ್ಕೂ ಹಡಗು ಕಟ್ಟುವ ಯಾರ್ಡುಗಳು, ಸುತ್ತಲ ಹಳ್ಳಿಗಳಲ್ಲಿ ಗಣಿಗಳು. ವಾರವಿಡೀ ನೆಲದಡಿ ದುಡಿದವರಿಗೆ ಶನಿವಾರ ಮಧ್ಯಾಹ್ನದ ಮೇಲೆ ಸಿಗುತ್ತಿದ್ದ ಬಿಡುವಿನಲ್ಲಿ ಫುಟ್ಬಾಲ್ ಬೆಳೆಯಿತು.

ಊರಿನಲ್ಲಿ ಮೊದಲು ಎರಡು ತಂಡ ಇತ್ತು, ಪೂರ್ವದ ಈಸ್ಟ್ ಎಂಡ್, ಪಶ್ಚಿಮದ ವೆಸ್ಟ್ ಎಂಡ್. 1892ರಲ್ಲಿ ವೆಸ್ಟ್ ಎಂಡ್ ಹಣ ಇಲ್ಲದೆ ಮುಚ್ಚಿತು. ಅದರ ಮೈದಾನ ಈಸ್ಟ್ ಎಂಡಿನವರ ಕೈಗೆ ಬಂತು. ಎರಡು ಕಡೆಯವರೂ ಒಪ್ಪುವಂಥ ಹೆಸರು ಬೇಕೆಂದು ಆ ವರ್ಷದ ಕೊನೆಗೆ 'ಯುನೈಟೆಡ್' ಎಂದು ಇಟ್ಟರು. ಮೈದಾನದ ಹೆಸರು ಸೇಂಟ್ ಜೇಮ್ಸ್ ಪಾರ್ಕ್. ಅದು ಪೇಟೆಯ ನಡುವೆ ಗುಡ್ಡದ ಮೇಲೆ ಉಂಟು. ಊರಿನ ಎಲ್ಲಿ ನಿಂತರೂ ಕಣ್ಣಿಗೆ ಬೀಳುವ ಹಾಗೆ.

ಅಂಗಿ ಕಪ್ಪು ಬಿಳಿ ಪಟ್ಟೆಯದ್ದು. 1905, 1907, 1909, 1927 ಹೀಗೆ ನಾಲ್ಕು ಸಲ ಅವರು ದೇಶದ ಲೀಗ್ ಗೆದ್ದರು. ಎಫ್.ಎ. ಕಪ್ ಎಂಬ ಹಳೆಯ ಪಂದ್ಯಾಟವನ್ನು ಆರು ಸಲ ಗೆದ್ದರು. ಅದರಲ್ಲಿ ಮೂರು ಗೆಲುವು 1951, 1952 ಮತ್ತು 1955ರದ್ದು. ಆಗಿನ ವೀರ ಜಾಕಿ ಮಿಲ್ಬರ್ನ್ ಗಣಿಯೂರಾದ ಆಷಿಂಗ್ಟನ್ನಿನವ, ಗಣಿಯಲ್ಲಿ ಫಿಟ್ಟರ್ ಕೆಲಸ ಮಾಡಿದವ. 1955ರ ಫೈನಲಿನಲ್ಲಿ ಆಟ ಸುರುವಾಗಿ 45 ಸೆಕೆಂಡಿಗೆ ಗೋಲು ಹೊಡೆದ. ನೋಡುವವನೂ ಆಡುವವನೂ ಒಂದೇ ಗಣಿಯಿಂದ ಬಂದವರು. ತಂಡ ಯಾರದ್ದು ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಅದರ ನಂತರ ಗಣಿಗಳು ಮುಚ್ಚುತ್ತಾ ಬಂದವು, ಯಾರ್ಡುಗಳೂ ಮುಚ್ಚಿದವು. 1984-85ರ ಗಣಿಕಾರ್ಮಿಕರ ದೊಡ್ಡ ಮುಷ್ಕರ ಸೋತ ಮೇಲೆ ಉಳಿದದ್ದೂ ಹೋಯಿತು. ಅಜ್ಜ ಮಾಡಿದ ಕೆಲಸ ಮೊಮ್ಮಗನಿಗೆ ಇಲ್ಲ. ಅಜ್ಜ ನಿಂತು ನೋಡಿದ ಮೈದಾನ ಮಾತ್ರ ಇತ್ತು. ಈ ಒಂದು ಸಂಗತಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಜಗಳದ ಬಿಸಿ ಅರ್ಥ ಆಗ್ತದೆ.

ಮೆಟ್ಟಿಲ ಮೇಲೆ ನಿಂತ ಮ್ಯಾನೇಜರ್

ಇಂಗ್ಲೆಂಡಿನ ಲೀಗಿನ ಒಂದು ಕ್ರಮ ಇಲ್ಲಿ ಹೇಳಬೇಕು. ಅಲ್ಲಿ ತಂಡಗಳು ಶಾಲೆಯ ಕ್ಲಾಸುಗಳ ಹಾಗೆ ಮೇಲೆ ಕೆಳಗೆ ಇವೆ. ಈಗ ಎಲ್ಲಕ್ಕಿಂತ ಮೇಲಿನ ಕ್ಲಾಸಿನಲ್ಲಿ 20 ತಂಡ. ವರ್ಷದ ಕೊನೆಗೆ ಕೆಳಗಿನ ಮೂವರು ಒಂದು ಮೆಟ್ಟಿಲು ಕೆಳಗೆ, ಕೆಳಗಿನ ಕ್ಲಾಸಿನ ಮೂವರು ಮೇಲೆ. ಕೆಳಗೆ ಬಿದ್ದರೆ ಟೀವಿಯಿಂದ ಬರುವ ಹಣ ಒಮ್ಮೆಲೆ ಇಳಿಯುತ್ತದೆ.

1992ರಲ್ಲಿ ನ್ಯೂಕಾಸಲ್ ಮೂರನೆಯ ಕ್ಲಾಸಿಗೆ ಬೀಳುವ ಅಂಚಿನಲ್ಲಿತ್ತು. ಆಗ ಸರ್ ಜಾನ್ ಹಾಲ್ ಎಂಬ ಗಣಿಕಾರ್ಮಿಕನ ಮಗ, ಕಟ್ಟಡದ ವ್ಯಾಪಾರದಲ್ಲಿ ಶ್ರೀಮಂತರಾದವರು, ತಂಡವನ್ನು ಕೈಗೆ ತೆಗೆದುಕೊಂಡರು. ಹಿಂದೆ ಅಲ್ಲಿಯೇ ಆಡಿದ್ದ ಕೆವಿನ್ ಕೀಗನ್ ಅವರನ್ನು ಮ್ಯಾನೇಜರ್ ಮಾಡಿದರು. ಕೀಗನ್ ತಂಡವನ್ನು ಉಳಿಸಿದರು, ಮರುವರ್ಷ ಮೇಲೆ ತಂದರು, 1996ರಲ್ಲಿ ಲೀಗ್ ಗೆಲ್ಲುವ ಬಾಗಿಲಿಗೆ ಮುಟ್ಟಿಸಿದರು. ಆ ವರ್ಷ ಜನವರಿಯಲ್ಲಿ 12 ಪಾಯಿಂಟ್ ಮುಂದಿದ್ದವರು ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡಿಗೆ ಸೋತು ಎರಡನೆಯವರಾದರು. ಗೆಲ್ಲದಿದ್ದರೂ ಆ ತಂಡವನ್ನು ಊರಿನವರು ಇಂದಿಗೂ ನೆನೆಸುತ್ತಾರೆ. ಸೋಲುವ ಭಯ ಬಿಟ್ಟು ಆಡಿದ ತಂಡ ಅದು.

ಈ ಕಾಲದ ಒಂದು ಘಟನೆ ಮಾಷ್ಟ್ರುಗಳಾದ ನಾವು ಮಕ್ಕಳಿಗೆ ಹೇಳುವಂಥದ್ದು. 1995ರ ಜನವರಿಯಲ್ಲಿ ಕೀಗನ್, ಊರಿನವರ ಕಣ್ಮಣಿಯಾಗಿದ್ದ ಆಂಡಿ ಕೋಲ್ ಎಂಬ ಗೋಲುಗಾರನನ್ನು ಮ್ಯಾಂಚೆಸ್ಟರ್ ಯುನೈಟೆಡಿಗೆ ಕೊಟ್ಟುಬಿಟ್ಟರು. ಸುದ್ದಿ ತಿಳಿದು ಸಿಟ್ಟಿನಲ್ಲಿ ಜನ ಮೈದಾನದ ಬಾಗಿಲಿಗೆ ಬಂದರು. ಕೀಗನ್ ಒಳಗೆ ಕೂರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಯಾಕೆ ಕೊಟ್ಟೆ, ಮುಂದೆ ಎಂತ ಮಾಡುವ ಯೋಚನೆ ಉಂಟು ಎಂದು ಎದುರೆದುರು ಹೇಳಿದರು. ಜನ ಒಪ್ಪಿದರೋ ಬಿಟ್ಟರೋ, ಅವರಿಗೆ ಉತ್ತರ ಸಿಕ್ಕಿತು. ಮರುವರ್ಷ ಅವರದ್ದೇ ಊರಿನ ಹುಡುಗ ಅಲನ್ ಶಿಯರರ್ ಅವರನ್ನು ಒಂದೂವರೆ ಕೋಟಿ ಪೌಂಡ್ ಕೊಟ್ಟು ತಂದರು. ಆಗ ಜಗತ್ತಿನಲ್ಲಿಯೇ ಅಷ್ಟು ಬೆಲೆ ಯಾವ ಆಟಗಾರನಿಗೂ ಆಗಿರಲಿಲ್ಲ.

ಮುಂದೆ 1999ರಲ್ಲಿ ಬಾಬಿ ರಾಬ್ಸನ್ ಬಂದರು. ಅವರೂ ಹತ್ತಿರದ ಗಣಿಹಳ್ಳಿಯವರೇ. ಅವರ ಕಾಲದಲ್ಲಿ ತಂಡ 2002ರಲ್ಲಿ ನಾಲ್ಕನೆಯ, 2003ರಲ್ಲಿ ಮೂರನೆಯ, 2004ರಲ್ಲಿ ಐದನೆಯ ಸ್ಥಾನಕ್ಕೆ ಬಂತು. ಐದನೆಯ ಸ್ಥಾನ ಸಾಲದೆಂದು 2004ರ ಆಗಸ್ಟಿನಲ್ಲಿ ಅವರನ್ನು ತೆಗೆದರು. ಐದು ಸಾಲದು ಎಂದವರ ಊರಿನಲ್ಲಿ ಹತ್ತೇ ಹೆಚ್ಚು ಎನ್ನುವ ಕಾಲ ಬರಲಿಕ್ಕೆ ಹೆಚ್ಚು ವರ್ಷ ಹಿಡಿಯಲಿಲ್ಲ.

ಹೊಸ ಮಾಲಕ

2007ರಲ್ಲಿ ಹಾಲ್ ಮತ್ತು ಶೆಪರ್ಡ್ ಕುಟುಂಬದವರು ತಮ್ಮ ಪಾಲನ್ನು ಮೈಕ್ ಆಶ್ಲಿ ಎಂಬ ವ್ಯಾಪಾರಿಗೆ ಮಾರಿದರು. ಒಟ್ಟು ಖರ್ಚು ಸುಮಾರು 13 ಕೋಟಿ 40 ಲಕ್ಷ ಪೌಂಡ್. ಆಶ್ಲಿ 'ಸ್ಪೋರ್ಟ್ಸ್ ಡೈರೆಕ್ಟ್' ಎಂಬ ಅಂಗಡಿಗಳ ಸಾಲನ್ನು ಕಟ್ಟಿದವರು, ಆಟದ ಬಟ್ಟೆ, ಶೂಗಳನ್ನು ಕಡಿಮೆ ಕ್ರಯಕ್ಕೆ ಮಾರಿ ದೊಡ್ಡವರಾದವರು. ಮೊದಮೊದಲು ಅವರು ತಂಡದ ಅಂಗಿ ಹಾಕಿ ಅಭಿಮಾನಿಗಳ ನಡುವೆಯೇ ಕೂತು ಆಟ ನೋಡಿದರು. 2008ರ ಜನವರಿಯಲ್ಲಿ ಕೀಗನ್ ಅವರನ್ನು ತಿರುಗಿ ಕರೆತಂದರು. ಊರಿಗೆ ಹಬ್ಬ.

ಎಂಟು ತಿಂಗಳಿಗೆ ಹಬ್ಬ ಮುಗಿಯಿತು. ಆಟಗಾರರನ್ನು ತರುವ ವಿಷಯದಲ್ಲಿ ಕಡೆಯ ಮಾತು ಮ್ಯಾನೇಜರನದ್ದು ಎಂದು ಎಲ್ಲರಿಗೂ ಹೇಳಿದ್ದರು. ಆದರೆ ಉರುಗ್ವೆಯ ಒಬ್ಬ ಆಟಗಾರನನ್ನು ಕೀಗನ್ ಬೇಡ ಎಂದರೂ ತಂದರು. ಅವನ ಆಟ ಹೇಗುಂಟು ಎಂದು ಯೂಟ್ಯೂಬಿನಲ್ಲಿ ನೋಡಿಕೊಳ್ಳಿ ಎಂದು ಮ್ಯಾನೇಜರನಿಗೇ ಹೇಳಿದ್ದರಂತೆ! ಕೀಗನ್ ರಾಜೀನಾಮೆ ಕೊಟ್ಟರು. ವಿಷಯ ನ್ಯಾಯಮಂಡಳಿಗೆ ಹೋಯಿತು. 2009ರಲ್ಲಿ ಮಂಡಳಿಯು ಕೀಗನ್ ಕಡೆಗೆ ತೀರ್ಪು ಕೊಟ್ಟು 20 ಲಕ್ಷ ಪೌಂಡ್ ಪರಿಹಾರ ಕೊಡಿಸಿತು. ಕಡೆಯ ಮಾತು ಕೀಗನ್ನರದ್ದು ಎಂದು ಪತ್ರಿಕೆಗಳಿಗೂ ಜನರಿಗೂ ಹೇಳಿದ್ದು ನಿಜವಲ್ಲ ಎಂದು ತಂಡದವರು ಅಲ್ಲಿ ಒಪ್ಪಿಕೊಂಡರು. ಅಭಿಮಾನಿಗಳ ಮನಸ್ಸು ಮುರಿದದ್ದು ಇಲ್ಲಿ ಎಂದು ನನಗೆ ಕಾಣುತ್ತದೆ. ಸೋಲನ್ನು ಅವರು ಎಷ್ಟೋ ಕಂಡಿದ್ದರು. ತಮಗೆ ಸುಳ್ಳು ಹೇಳಿದ್ದಾರೆ ಎಂದು ಕಾಗದದ ಮೇಲೆ ಕಂಡದ್ದು ಮೊದಲ ಸಲ.

2009ರ ಮೇಯಲ್ಲಿ ತಂಡ ಕೆಳಗಿನ ಕ್ಲಾಸಿಗೆ ಬಿತ್ತು. ಕ್ರಿಸ್ ಹ್ಯೂಟನ್ ಎಂಬ ಶಾಂತ ಸ್ವಭಾವದ ಮ್ಯಾನೇಜರ್ 102 ಪಾಯಿಂಟ್ ಗಳಿಸಿ ಒಂದೇ ವರ್ಷದಲ್ಲಿ ತಿರುಗಿ ಮೇಲೆ ತಂದರು. 2010ರ ಡಿಸೆಂಬರಿನಲ್ಲಿ ಅವರನ್ನೂ ತೆಗೆದರು. ಮರುತಿಂಗಳು ಊರಿನವನೇ ಆದ ಆಂಡಿ ಕ್ಯಾರೊಲ್ ಎಂಬ ಹುಡುಗನನ್ನು ಮೂರೂವರೆ ಕೋಟಿ ಪೌಂಡಿಗೆ ಲಿವರ್‌ಪೂಲಿಗೆ ಮಾರಿದರು. ಈ ಸಲ ಮೆಟ್ಟಿಲ ಮೇಲೆ ಬಂದು ನಿಲ್ಲಲಿಕ್ಕೆ ಮಾಲಕರು ಇರಲಿಲ್ಲ.

2011ರ ನವೆಂಬರಿನಲ್ಲಿ ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರನ್ನೇ ತೆಗೆದು 'ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ' ಎಂದು ಮಾಡಿದರು. ನಮ್ಮ ಊರಿನ ಜಾತ್ರೆಗದ್ದೆಗೆ ಯಾವುದೋ ಜವುಳಿ ಅಂಗಡಿಯ ಹೆಸರು ಇಟ್ಟ ಹಾಗೆ! ಮರುವರ್ಷ ಹಳೆಯ ಹೆಸರು ಬಂತು, ಆದರೆ ಬಂದ ದಾರಿ ನೋಡಿ. 'ವೊಂಗಾ' ಎಂಬ ಕೈಸಾಲದ ಕಂಪೆನಿ ಅಂಗಿಯ ಮೇಲೆ ತನ್ನ ಹೆಸರು ಹಾಕುವ ಒಪ್ಪಂದ ಮಾಡಿ, ಮೈದಾನದ ಹೆಸರನ್ನು ತಿರುಗಿ ಕೊಡಿಸಿತು. ಆ ಕಂಪೆನಿಯ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಂದರೆ ಶೇಕಡಾ ಸಾವಿರಾರು ಆಗುತ್ತಿತ್ತು. ಕೆಲಸ ಇಲ್ಲದ ಮನೆಗಳು ಬೇಕಾದಷ್ಟಿದ್ದ ಊರಿನಲ್ಲಿ ಮಕ್ಕಳ ಎದೆಯ ಮೇಲೆ ಬಡ್ಡಿಯವರ ಹೆಸರು.

'ಇದ್ದಲ್ಲೇ ಇದ್ದರೆ ಸಾಕು'

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಆಶ್ಲಿ ಬಂದಾಗ ತಂಡದ ಮೇಲೆ ದೊಡ್ಡ ಸಾಲ ಇತ್ತು. ಅವರು ತಮ್ಮ ಕೈಯಿಂದ 10 ಕೋಟಿ ಪೌಂಡಿಗೂ ಮಿಕ್ಕಿ ಬಡ್ಡಿಯಿಲ್ಲದೆ ಸಾಲ ಕೊಟ್ಟರು. ತಂಡ ದಿವಾಳಿ ಆಗಲಿಲ್ಲ. ಆ ಕಾಲದಲ್ಲಿ ಅತಿಆಸೆಗೆ ಬಿದ್ದು ಮುಳುಗಿದ ತಂಡಗಳು ಇಂಗ್ಲೆಂಡಿನಲ್ಲಿ ಇದ್ದವು. ಲೆಕ್ಕಪುಸ್ತಕ ನೋಡುವವರಿಗೆ ಆಶ್ಲಿ ಕೆಟ್ಟವರಾಗಿ ಕಾಣಲಿಕ್ಕಿಲ್ಲ. ಲೆಕ್ಕಪುಸ್ತಕದಲ್ಲಿ ಇನ್ನೊಂದು ಪುಟವೂ ಉಂಟು. ಮೈದಾನದ ತುಂಬ ಅವರ ಅಂಗಡಿಯ ಫಲಕಗಳು ವರ್ಷಗಟ್ಟಲೆ ಪುಕ್ಕಟೆಯಾಗಿ ಮೆರೆದವು.

ವ್ಯಾಪಾರಿಯ ಲೆಕ್ಕ ಹೀಗೆ. ಮೇಲಿನ ಕ್ಲಾಸಿನಲ್ಲಿ ಇದ್ದರೆ ಟೀವಿಯ ಹಣ ತಾನಾಗಿ ಬರ್ತದೆ. 20 ತಂಡಗಳಲ್ಲಿ 17ನೆಯ ಸ್ಥಾನ ಸಿಕ್ಕಿದರೂ ಮರುವರ್ಷಕ್ಕೆ ಸೀಟು ಗಟ್ಟಿ. ಹತ್ತನೆಯ ಸ್ಥಾನದಿಂದ ಐದಕ್ಕೆ ಏರಲು ಕೋಟಿಗಟ್ಟಲೆ ಸುರಿಯಬೇಕು, ಸುರಿದರೂ ಖಾತ್ರಿ ಇಲ್ಲ. ಕಪ್ ಪಂದ್ಯಾಟಗಳಲ್ಲಿ ಬಹುಮಾನದ ಹಣ ಕಡಿಮೆ, ಆಟಗಾರರಿಗೆ ಪೆಟ್ಟು ಬೀಳುವ ಭಯ ಹೆಚ್ಚು. ಹಾಗಾದರೆ ಕಪ್ ಎಂತಕ್ಕೆ? 2013ರಲ್ಲಿ ಅಭಿಮಾನಿಗಳ ಜೊತೆ ನಡೆದ ಸಭೆಯಲ್ಲಿ ತಂಡದವರು ಇದನ್ನು ಬಾಯಿಬಿಟ್ಟೇ ಹೇಳಿದರು, ಕಪ್ ಪಂದ್ಯಾಟಗಳು ತಮಗೆ ಮುಖ್ಯ ಅಲ್ಲ ಎಂದು. ಆಶ್ಲಿ ಕಾಲದ ಮೊದಲ 12 ವರ್ಷ ಎಫ್.ಎ. ಕಪ್‌ನಲ್ಲಿ ಕೊನೆಯ 16 ತಂಡಗಳ ಸುತ್ತಿಗೆ ಒಮ್ಮೆಯೂ ಅವರು ಮುಟ್ಟಲಿಲ್ಲ. ಮಿಲ್ಬರ್ನ್ ಗೆದ್ದ ಕಪ್ಪು ಅದು.

ವ್ಯಾಪಾರಿಗೂ ಊರಿನವರಿಗೂ ಇರುವ ಬಿರುಕು ಇದೇ. ಮಾಲಕನಿಗೆ ಕಪ್ ಎಂದರೆ ಖರ್ಚಿನ ಬಾಬ್ತು. ಊರಿನವನಿಗೆ ಅದು ತಂದೆಯ ಕೈ ಹಿಡಿದು ಹೋದ ದಿನ, ಸತ್ತವರ ಹೆಸರು ನೆನಪಾಗುವ ದಿನ. 1955ರಿಂದ ಕಾಯುತ್ತಿದ್ದವರಿಗೆ, ನಾವು ಗೆಲ್ಲಲಿಕ್ಕೆ ನೋಡುವುದೇ ಇಲ್ಲ ಎಂದರೆ ಹೇಗಾಗಬೇಕು? ಪರೀಕ್ಷೆಯಲ್ಲಿ ಫೇಲಾದ ಮಗನನ್ನು ತಂದೆ ಕ್ಷಮಿಸಿಯಾನು. ಪಾಸು ಮಾರ್ಕು ಸಾಕು, ಓದುವುದು ದಂಡ ಎನ್ನುವ ಮಗನ ಹತ್ತಿರ ಮಾತಾಡುವುದು ಕಷ್ಟ.

2011-12ರಲ್ಲಿ ಅಲನ್ ಪಾರ್ಡ್ಯೂ ಎಂಬ ಮ್ಯಾನೇಜರ್ ತಂಡವನ್ನು ಐದನೆಯ ಸ್ಥಾನಕ್ಕೆ ತಂದಿದ್ದರು. ಸಂತೋಷದಲ್ಲಿ ಅವರಿಗೆ ಎಂಟು ವರ್ಷದ ಕರಾರು ಬರೆದುಕೊಟ್ಟರು. ಆದರೆ ತಂಡವನ್ನು ಗಟ್ಟಿ ಮಾಡಲಿಲ್ಲ, ಮರುವರ್ಷ 16ನೆಯ ಸ್ಥಾನ. 2013ರಲ್ಲಿ ಆಟಗಾರರನ್ನು ತರುವ ಕೆಲಸಕ್ಕೆ ಜೋ ಕಿನ್ನಿಯರ್ ಎಂಬವರನ್ನು ನೇಮಿಸಿದರು. ಅವರು ರೇಡಿಯೋದಲ್ಲಿ ಸ್ವಂತ ತಂಡದವರ ಹೆಸರುಗಳನ್ನೇ ತಪ್ಪುತಪ್ಪಾಗಿ ಹೇಳಿದರು. ಆಟಗಾರರನ್ನು ಕೊಳ್ಳುವ ಎರಡು ಅವಧಿ ಕಳೆದರೂ ಒಬ್ಬನನ್ನೂ ಕಾಯಂ ಆಗಿ ತರದೆ, ಇಬ್ಬರನ್ನು ಎರವಲು ತಂದು, 2014ರ ಫೆಬ್ರವರಿಯಲ್ಲಿ ಹೋದರು.

2013ರ ಅಕ್ಟೋಬರಿನಲ್ಲಿ ಅಭಿಮಾನಿಗಳು ಮಾಲಕನ ವಿರುದ್ಧ ಮೆರವಣಿಗೆ ಮಾಡಿದರು. ಊರಿನ ಮೂರು ಪತ್ರಿಕೆಗಳು ಅದರ ವರದಿ ಹಾಕಿದವು. ಆ ಮೂರೂ ಪತ್ರಿಕೆಗಳ ವರದಿಗಾರರು ಮೈದಾನಕ್ಕೆ ಬರಬಾರದೆಂದು ತಂಡದವರು ತಡೆ ಹಾಕಿದರು. ಪೇಪರು ಓದುವ ಕೋಣೆಯಿಂದ ಹುಟ್ಟಿದ ನಮ್ಮ ವಾಚನಾಲಯಕ್ಕೆ ಈ ಸಂಗತಿ ಹೆಚ್ಚು ಚುಚ್ಚಬೇಕು. ನೂರು ವರ್ಷಕ್ಕೂ ಮೇಲೆ ಆ ತಂಡದ ಸುದ್ದಿ ಬರೆದ ಪತ್ರಿಕೆ ಬಾಗಿಲ ಹೊರಗೆ.

2015ರ ಮೇ ತಿಂಗಳಲ್ಲಿ ತಂಡ ತಿರುಗಿ ಬೀಳುವ ಅಂಚಿಗೆ ಬಂತು. ಕೊನೆಯ ದಿನ ಗೆದ್ದು ಉಳಿದರು. ಅಂದು ಒಂದು ಗೋಲು ಹೊಡೆದವ ಯೊನಾಸ್ ಗುಟಿಯೆರೆಸ್, ಕ್ಯಾನ್ಸರ್ ಗೆದ್ದು ಬಂದಿದ್ದ ಆಟಗಾರ. ಕೆಲವೇ ದಿನದಲ್ಲಿ, ನಿನ್ನ ಕರಾರು ಮುಂದುವರಿಯುವುದಿಲ್ಲ ಎಂದು ಅವನಿಗೆ ಫೋನಿನಲ್ಲಿ ತಿಳಿಸಿದರು. ಅದೇ ಕೊನೆಯ ಆಟದ ದಿನ ಆಶ್ಲಿ ಟೀವಿಗೆ ಅಪರೂಪದ ಸಂದರ್ಶನ ಕೊಟ್ಟು, ಏನಾದರೂ ಗೆಲ್ಲುವವರೆಗೆ ತಂಡವನ್ನು ಮಾರುವುದಿಲ್ಲ ಎಂದಿದ್ದರು. ಮರುವರ್ಷ ತಂಡ ಬಿತ್ತು.

ಬಿದ್ದ ತಂಡವನ್ನು ಬಿಟ್ಟು ಹೋಗದೆ ಉಳಿದವರು ರಫಾ ಬೆನಿಟೆಸ್. ಲಿವರ್‌ಪೂಲಿಗೆ ಯುರೋಪಿನ ದೊಡ್ಡ ಕಪ್ ಗೆದ್ದುಕೊಟ್ಟಿದ್ದ ಸ್ಪೇನಿನ ಮ್ಯಾನೇಜರ್. 2016ರ ಕೊನೆಯ ಆಟದಲ್ಲಿ, ಬಿದ್ದದ್ದು ಖಾತ್ರಿಯಾದ ಮೇಲೂ ಜನ ಅವರ ಹೆಸರು ಹಾಡಿ, ಇರಿ ಎಂದು ಬೇಡಿದರು. ಇದ್ದರು. 2017ರಲ್ಲಿ ಕೆಳಗಿನ ಕ್ಲಾಸನ್ನು ಗೆದ್ದು ಮೇಲೆ ತಂದರು, ಮರುವರ್ಷ ಹತ್ತನೆಯ ಸ್ಥಾನ. ಅದೇ ಹತ್ತನೆಯ ಸ್ಥಾನಕ್ಕೆ ಜನ ಅವರನ್ನು ತಲೆಯ ಮೇಲೆ ಹೊತ್ತರು. ಅಭಿಮಾನಿಗಳಿಗೆ ಆಕಾಶ ಬೇಕು, ಅವರ ಆಸೆಗೆ ಮಿತಿ ಇಲ್ಲ ಎಂಬ ಮಾತಿಗೆ ಉತ್ತರ ಇಲ್ಲಿ ಉಂಟು. ಅವರು ಸ್ಥಾನ ನೋಡಲಿಲ್ಲ, ಮೇಲಕ್ಕೆ ನೋಡುವ ಮುಖ ಒಂದು ಉಂಟೋ ಎಂದು ನೋಡಿದರು. 2019ರ ಜೂನಿನಲ್ಲಿ ಮಾಲಕರ ಜೊತೆ ಹೊಂದಾಣಿಕೆ ಆಗದೆ ಬೆನಿಟೆಸ್ ಹೋದರು.

ಪೆಟ್ಟು ಯಾರಿಗೆ?

ಅವರ ಜಾಗಕ್ಕೆ ಬಂದವರು ಸ್ಟೀವ್ ಬ್ರೂಸ್. ನ್ಯೂಕಾಸಲಿನ ಹತ್ತಿರದಲ್ಲೇ ಹುಟ್ಟಿದವರು, ಸಣ್ಣದರಿಂದಲೇ ಆ ತಂಡದ ಅಭಿಮಾನಿ. ಅವರ ಕಾಲದಲ್ಲಿ ತಂಡ 13 ಮತ್ತು 12ನೆಯ ಸ್ಥಾನ ಪಡೆಯಿತು, ಬೀಳಲಿಲ್ಲ. ಆದರೆ ಆಟ ನೋಡುವವರಿಗೆ ಜೀವ ಇಲ್ಲದಂತೆ ಕಂಡಿತು. ಸೀಸನ್ ಟಿಕೇಟು ಬಿಟ್ಟವರು ಎಷ್ಟಾದರೆಂದರೆ, 2019ರ ಡಿಸೆಂಬರಿನಲ್ಲಿ ತಂಡದವರು 10,000 ಅರ್ಧ ಸೀಸನಿನ ಟಿಕೇಟುಗಳನ್ನು ಪುಕ್ಕಟೆ ಹಂಚಿದರು.

ಈ ಭಾಗವನ್ನು ಬರೆಯುವಾಗ ನನಗೆ ಅಭಿಮಾನಿಗಳ ಪರ ಪೂರ್ತಿ ನಿಲ್ಲಲಿಕ್ಕೆ ಆಗುವುದಿಲ್ಲ. ಮಾಲಕ ದೂರದಲ್ಲಿ ಇದ್ದಾನೆ, ಕೈಗೆ ಸಿಗುವುದಿಲ್ಲ. ಗೆರೆಯ ಬದಿಯಲ್ಲಿ ನಿಂತ ಮ್ಯಾನೇಜರ್ ಮೂವತ್ತು ಅಡಿ ದೂರದಲ್ಲಿ ಕಾಣ್ತಾನೆ. ಸಿಟ್ಟೆಲ್ಲ ಅವನ ಮೇಲೆ ಬಿತ್ತು. ಕೆಲಸ ಬಿಟ್ಟ ಮೇಲೆ ಬ್ರೂಸ್ ಒಂದು ಪತ್ರಿಕೆಗೆ ಹೇಳಿದರು, ತನ್ನ ಮೈಯ ಗಾತ್ರವನ್ನೂ ಬುದ್ಧಿಯನ್ನೂ ಹೀಯಾಳಿಸಿದ್ದು ಮನೆಯವರಿಗೆಲ್ಲ ನೋವು ಕೊಟ್ಟಿತೆಂದು. ಯಜಮಾನನ ಮೇಲಿನ ಸಿಟ್ಟಿಗೆ ಭಾಗವತರಿಗೆ ಕಲ್ಲು ಹೊಡೆದ ಹಾಗೆ ಆಯಿತು. ಕೆಟ್ಟ ಆಡಳಿತ ಮಾಡುವವರಿಗೆ ಮಧ್ಯದಲ್ಲಿ ಒಬ್ಬನನ್ನು ನಿಲ್ಲಿಸಿ ಪೆಟ್ಟು ತಿನ್ನಿಸುವುದು ಸುಲಭದ ದಾರಿ, ಇದು ಫುಟ್ಬಾಲಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಆದರೆ ಅದೇ ಜನ ಇನ್ನೊಂದು ಕೆಲಸವನ್ನೂ ಮಾಡಿದರು. 2016ರಿಂದ ಆಟದ ದಿನ ಮೈದಾನದ ಹೊರಗೆ ನಿಂತು ಬಡವರಿಗೆ ಅಕ್ಕಿಬೇಳೆಯಂಥ ಆಹಾರ ಸಾಮಾನು, ಹಣ ಒಟ್ಟುಮಾಡಿ ಊರಿನ ಆಹಾರ ಭಂಡಾರಕ್ಕೆ ಕೊಡತೊಡಗಿದರು. 2020ರ ಕೊರೋನಾ ಕಾಲದಲ್ಲಿ ಟೀವಿಯಲ್ಲಿ ಒಂದೊಂದು ಆಟ ನೋಡಲು 14.95 ಪೌಂಡ್ ಎಂದು ಲೀಗಿನವರು ದರ ಇಟ್ಟಾಗ, ನಾವು ಆಟ ನೋಡುವುದಿಲ್ಲ, ಆ ಹಣ ಆಹಾರ ಭಂಡಾರಕ್ಕೆ ಎಂದು ಸಾವಿರಾರು ಪೌಂಡ್ ಕೊಟ್ಟರು. ಬೇರೆ ತಂಡಗಳ ಅಭಿಮಾನಿಗಳೂ ಅದೇ ದಾರಿ ಹಿಡಿದರು. ಸ್ವಲ್ಪ ಸಮಯದಲ್ಲಿ ಆ ದರದ ಕ್ರಮವೇ ನಿಂತಿತು. ಬೈಗುಳದಿಂದ ಆಗದ್ದು ಇಂಥದ್ದರಿಂದ ಆಯಿತು.

ಬಿಡುಗಡೆಯ ದಿನ

2021ರ ಅಕ್ಟೋಬರ್ 7ರಂದು ಆಶ್ಲಿ ತಂಡವನ್ನು ಮಾರಿದರು. ಕ್ರಯ ಸುಮಾರು 30 ಕೋಟಿ 50 ಲಕ್ಷ ಪೌಂಡ್. ಸಾವಿರಾರು ಜನ ಗುಡ್ಡದ ಮೇಲಿನ ಮೈದಾನಕ್ಕೆ ಬಂದು ಹಾಡಿ ಕುಣಿದರು. ಎರಡು ವಾರದೊಳಗೆ ಬ್ರೂಸ್ ಕೂಡ ಹೋದರು.

ಕೊಂಡವರು ಯಾರು? ನೂರರಲ್ಲಿ 80 ಪಾಲು ಸೌದಿ ಅರೇಬಿಯಾದ ಸರಕಾರಿ ಹೂಡಿಕೆ ನಿಧಿಯದ್ದು. ಸೌದಿಯ ಬಗ್ಗೆ ಬರೆಯುತ್ತಿದ್ದ ಜಮಾಲ್ ಖಶೋಗಿ ಎಂಬ ಪತ್ರಕರ್ತರನ್ನು 2018ರಲ್ಲಿ ಇಸ್ತಾಂಬುಲಿನ ಸೌದಿ ಕಚೇರಿಯೊಳಗೆ ಕೊಂದದ್ದು ಲೋಕಕ್ಕೆಲ್ಲ ಗೊತ್ತಿತ್ತು. ದೇಶವೊಂದು ತನ್ನ ಹೆಸರನ್ನು ಆಟದ ನೀರಿನಲ್ಲಿ ತೊಳೆದುಕೊಳ್ಳುತ್ತಿದೆ ಎಂದು ಆಮ್ನೆಸ್ಟಿಯಂಥ ಸಂಸ್ಥೆಗಳು ಎಚ್ಚರಿಸಿದವು. ಸೌದಿ ಸರಕಾರ ತಂಡದ ಮೇಲೆ ಹಿಡಿತ ಇಡುವುದಿಲ್ಲ ಎಂಬ ಕಾನೂನಿನ ಭರವಸೆ ಸಿಕ್ಕಿದೆ ಎಂದು ಲೀಗಿನವರು ಹೇಳಿದರು. ಅಭಿಮಾನಿಗಳಲ್ಲಿ ಹೆಚ್ಚಿನವರು ಸಂಭ್ರಮಿಸಿದರು, ಕೆಲವರು ಸಂಘ ಕಟ್ಟಿ ಇದನ್ನು ವಿರೋಧಿಸಿದರು. ಗಲ್ಫಿಗೆ ಹೋಗಿ ದುಡಿದವರ ಮನೆಗಳೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಆ ದೇಶಗಳ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಕಡಿಮೆ. ಅಲ್ಲಿಂದ ಬಂದ ಹಣ ಎಷ್ಟು ಮನೆ ಕಟ್ಟಿತು ಎಂದೂ ನಮಗೆ ಗೊತ್ತು, ಅಲ್ಲಿ ಮಾತಾಡಲಿಕ್ಕೆ ಇರುವ ಭಯವೂ ಗೊತ್ತು. ಹಾಗಾಗಿ ನ್ಯೂಕಾಸಲಿನವರ ಸಂತೋಷವನ್ನು ನಾನು ಹಳಿಯುವುದಿಲ್ಲ. ಆದರೆ ಒಂದು ಸಂಗತಿ ಬದಲಾಗಲಿಲ್ಲ. ಆಶ್ಲಿಯನ್ನು ತರುವಾಗಲೂ ಊರಿನವರನ್ನು ಕೇಳಿರಲಿಲ್ಲ, ಸೌದಿಯವರನ್ನು ತರುವಾಗಲೂ ಕೇಳಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಅಭಿಮಾನಿಗಳ ಟ್ರಸ್ಟು, ತಂಡದಲ್ಲಿ ಸಣ್ಣದೊಂದು ಪಾಲಾದರೂ ಊರಿನ ಹೆಸರಿನಲ್ಲಿ ಇರಲಿ ಎಂದು ಹಣ ಸೇರಿಸಲು ಸುರುಮಾಡಿತ್ತು. ಆ ಪಾಲು ಅವರಿಗೆ ಸಿಗಲಿಲ್ಲ.

ಹಣ ತನ್ನ ಕೆಲಸ ಮಾಡಿತು. ಎಡ್ಡಿ ಹೌ ಎಂಬ ಯುವ ಮ್ಯಾನೇಜರ್ ಬಂದರು, 2023ರಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕೆ ಏರಿತು. 2025ರ ಮಾರ್ಚ್ 16ರಂದು ಲೀಗ್ ಕಪ್ ಫೈನಲಿನಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿತು. ಇಂಗ್ಲೆಂಡಿನ ದೊಡ್ಡ ಕಪ್ಪೊಂದು ಆ ಊರಿಗೆ ಬಂದದ್ದು 70 ವರ್ಷದ ನಂತರ. ಮೊದಲ ಗೋಲು ಡ್ಯಾನ್ ಬರ್ನ್ ಎಂಬ ಅಲ್ಲಿಯ ಹುಡುಗನದ್ದು. ಹನ್ನೊಂದನೆಯ ವಯಸ್ಸಿನಲ್ಲಿ ಇದೇ ತಂಡ ಬೇಡವೆಂದು ಬಿಟ್ಟಿದ್ದ ಹುಡುಗ. ಮೆರವಣಿಗೆಗೆ ಮೂರು ಲಕ್ಷದಷ್ಟು ಜನ ಸೇರಿದ್ದರೆಂದು ಅಂದಾಜು. ಕೆಲವೇ ತಿಂಗಳಲ್ಲಿ, ಎರಡನೆಯ ಗೋಲು ಹೊಡೆದಿದ್ದ ಇಸಾಕ್ ಇನ್ನು ಇಲ್ಲಿ ಆಡುವುದಿಲ್ಲ ಎಂದು ಹಟ ಹಿಡಿದು ಹನ್ನೆರಡೂವರೆ ಕೋಟಿ ಪೌಂಡಿಗೆ ಲಿವರ್‌ಪೂಲಿಗೇ ಹೋದ. ತಿರುಗಿ ಸಿಟ್ಟು, ತಿರುಗಿ ಪ್ರಶ್ನೆ.

ನಮಗೆಂತ?

ನಮ್ಮಲ್ಲಿಯೂ ಈ ಕಥೆಯ ಮೊದಲ ಅಧ್ಯಾಯ ಸುರುವಾಗಿದೆ. 2014ರಲ್ಲಿ ಹುಟ್ಟಿದ ಕೇರಳ ಬ್ಲಾಸ್ಟರ್ಸ್ ತಂಡ 2014, 2016, 2022 ಹೀಗೆ ಮೂರು ಫೈನಲ್ ಸೋತಿತು. 2016ರ ಫೈನಲಿನಲ್ಲಿ ಅವರ ಗೋಲು ಹೊಡೆದವರು ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ. ಸೋತರೂ 'ಮಂಜಪ್ಪಡ' ಎಂಬ ಹಳದಿ ಅಂಗಿಯ ಅಭಿಮಾನಿ ಬಳಗ ಕೈಬಿಡಲಿಲ್ಲ. ಆದರೆ 2024ರ ಕೊನೆಗೆ ಅವರೂ ಆಡಳಿತದ ವಿರುದ್ಧ ದನಿ ಎತ್ತಿದರು. ಅವರ ಮಾತೂ ನ್ಯೂಕಾಸಲಿನವರ ಮಾತೇ: ಸೋಲಿಗೆ ದುಃಖ ಇಲ್ಲ, ಗೆಲ್ಲುವ ಉದ್ದೇಶ ಉಂಟೋ ಇಲ್ಲವೋ ಹೇಳಿ. ನಮ್ಮ ವಾಚನಾಲಯದಲ್ಲಿ ಬ್ಲಾಸ್ಟರ್ಸಿನವರೂ ಇದ್ದಾರೆ, ಬೆಂಗಳೂರು ಎಫ್‌ಸಿಯವರೂ ಇದ್ದಾರೆ. ಬೇರೆ ಎಲ್ಲದಕ್ಕೂ ಜಗಳ ಮಾಡುವ ಅವರು ಈ ಒಂದು ಮಾತಿಗೆ ಇಬ್ಬರೂ ತಲೆ ಆಡಿಸಿದರು.

ದಾರಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ ಒಂದೆರಡು ತಂಡ ಬಿಟ್ಟರೆ ಉಳಿದಲ್ಲೆಲ್ಲ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ ಉಂಟು. ಇಂಗ್ಲೆಂಡಿನಲ್ಲಿಯೂ 2025ರಲ್ಲಿ ಫುಟ್ಬಾಲ್ ಆಡಳಿತದ ಕಾಯಿದೆ ಬಂತು. ಮಾಲಕರನ್ನು ತನಿಖೆ ಮಾಡಲು ಸ್ವತಂತ್ರ ಅಧಿಕಾರಿ, ತಂಡದ ಹೆಸರು, ಬಣ್ಣ ಬದಲಿಸುವ ಮೊದಲು ಅಭಿಮಾನಿಗಳ ಮಾತು ಕೇಳಬೇಕೆಂಬ ನಿಯಮ ಅದರಲ್ಲಿ ಇವೆ. ಸದಸ್ಯರೇ ಮಾಲಕರಾಗುವುದು ಅಡಿಕೆ ಬೆಳೆಯುವ ನಮಗೆ ಹೊಸತಲ್ಲ. 1973ರಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದ್ದು ಕ್ರಯವನ್ನು ಬೇರೆಯವರು ನಿಶ್ಚಯಿಸುವುದು ಸಾಕಾಗಿ ಹೋದಾಗ. ಸದಸ್ಯರ ಸಂಸ್ಥೆಯಲ್ಲಿಯೂ ತಪ್ಪು ಆಗ್ತದೆ, ಜಗಳ ಆಗ್ತದೆ. ಆದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಉಂಟು.

ನ್ಯೂಕಾಸಲಿನವರಿಗೆ ಹದಿನಾಲ್ಕು ವರ್ಷ ಸಿಗದೆ ಹೋದದ್ದು ಆ ಹಕ್ಕು. ಕಪ್ ಸಿಕ್ಕಿತು, ಹಕ್ಕು ಇನ್ನೂ ಸಿಕ್ಕಿಲ್ಲ. ಊರಿನ ಯಾವುದೇ ಸಂಸ್ಥೆ ಇರಲಿ, ಶಾಲೆ, ಮೇಳ, ತಂಡ, ವಾಚನಾಲಯ, ಅದರ ಮುಂದಾಳುಗಳು "ಇದ್ದಲ್ಲೇ ಇದ್ದರೆ ಸಾಕು" ಎನ್ನಲು ಸುರುಮಾಡಿದ ದಿನ ಎದ್ದು ಕೇಳಬೇಕು. ಕೇಳುವಾಗ ಸರಿಯಾದವರನ್ನೇ ಕೇಳಬೇಕು. ಉತ್ತರ ಕೊಡಬೇಕಾದವರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಲ್ಲಬೇಕು.